ಕಡಲಿಗೆ ಕಾಲು ಚಾಚಿದ ಹಿಮಗಿರಿ

ಪರ್ವತದ ಚಿತ್ರ ಬಿಡಿಸಿ ಎಂದರೆ ಮಕ್ಕಳು ಮೂರು ತ್ರಿಕೋನ ಎಳೆದು ನಡುವೆ ಸೂರ್ಯನನ್ನು ಕೂರಿಸುತ್ತಾರೆ. ಸಮುದ್ರದ ಚಿತ್ರಕ್ಕೆ ಬೇರೆ ಹಾಳೆ ಬೇಕು. ಇವೆರಡನ್ನೂ ಒಂದೇ ಹಾಳೆಯಲ್ಲಿ, ಅದೂ ಒತ್ತೊತ್ತಾಗಿ ಬಿಡಿಸಬೇಕಾದ ಜಾಗವೊಂದು ಉತ್ತರ ಅಮೆರಿಕದ ವಾಯುವ್ಯ ಮೂಲೆಯಲ್ಲಿದೆ. ಅಲ್ಲಿ 5,489 ಮೀಟರ್ ಎತ್ತರದ ಶಿಖರಕ್ಕೂ ಉಪ್ಪುನೀರಿಗೂ ನಡುವಿನ ನೇರ ದೂರ ಸುಮಾರು 16 ಕಿ.ಮೀ. ಮಾತ್ರ. ಎವರೆಸ್ಟ್ ಇದಕ್ಕಿಂತ ಬಹಳ ಎತ್ತರ, ನಿಜ. ಆದರೆ ಎವರೆಸ್ಟನ್ನು ಟಿಬೆಟ್ಟಿನ ಕಡೆಯಿಂದ ನೋಡುವವನು ಆಗಲೇ ನಾಲ್ಕೈದು ಕಿ.ಮೀ. ಎತ್ತರದ ನೆಲದ ಮೇಲೆ ನಿಂತಿರುತ್ತಾನೆ. ಇಲ್ಲಿ ಹಾಗಲ್ಲ. ದೋಣಿಯಲ್ಲಿ ಕುಳಿತವನ ಕಣ್ಣೆದುರಿಗೆ ಇಡೀ ಪರ್ವತ, ಅಡಿಯಿಂದ ಮುಡಿಯವರೆಗೆ, ಒಮ್ಮೆಲೇ ಎದ್ದು ನಿಲ್ಲುತ್ತದೆ.

ಇದರ ಹೆಸರು ಸೇಂಟ್ ಎಲಿಯಾಸ್. ಅಮೆರಿಕದ ಅಲಾಸ್ಕಕ್ಕೂ ಕೆನಡಾದ ಯುಕಾನ್ ಪ್ರಾಂತಕ್ಕೂ ನಡುವಿನ ಗಡಿರೇಖೆ ಇದರ ನೆತ್ತಿಯ ಮೇಲೆಯೇ ಹಾಯುತ್ತದೆ. ಎರಡೂ ದೇಶಗಳಲ್ಲಿ ಎತ್ತರದಲ್ಲಿ ಇದಕ್ಕೆ ಎರಡನೆಯ ಸ್ಥಾನ.

ಪರ್ವತಕ್ಕೆ ಹತ್ತಿರದ ಊರು ಯಾಕುಟಾಟ್; ಹತ್ತಿರವೆಂದರೂ ನೂರು ಕಿ.ಮೀ. ದಾಟುತ್ತದೆ. ಆರುನೂರು ಚಿಲ್ಲರೆ ಜನರಿರುವ ಈ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಮಾನದಲ್ಲಿ ಬರಬೇಕು, ಇಲ್ಲವೇ ಹಡಗಿನಲ್ಲಿ. ಊರಿನ ಹಿಂದೆ ಪಾಚಿ ಹೊದ್ದ ಸ್ಪ್ರೂಸ್ ಮರಗಳ ಕಾಡು. ಬೇಸಿಗೆಯಲ್ಲಿ ಕಡಲಂಚಿನ ಮರಳಿನಲ್ಲಿ ಕಾಡು ಸ್ಟ್ರಾಬೆರಿ ಹಣ್ಣಾಗುತ್ತದೆ. ವರ್ಷದ ಬಹುಪಾಲು ದಿನ ಮೋಡ ಮುಸುಕಿರುತ್ತದೆ, ಮಳೆ ಜಿನುಗುತ್ತಿರುತ್ತದೆ. ಯಾವಾಗಲೋ ಒಂದು ದಿನ ಮೋಡ ಹರಿದರೆ ವಾಯುವ್ಯದ ಆಕಾಶದಲ್ಲಿ ಬಿಳಿಯ ಗೋಪುರವೊಂದು ಕಾಣಿಸಿಕೊಳ್ಳುತ್ತದೆ.

ಇಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರಲ್ಲಿ ಒಂದು ಕುಲದವರಿಗೆ ಈ ಪರ್ವತವೇ ಕುಲಚಿಹ್ನೆ. ಅವರ ಪೂರ್ವಿಕರು ಪಶ್ಚಿಮದ ಕಾಪರ್ ನದಿಯ ಕಡೆಯಿಂದ ಹಿಮದ ಬಯಲುಗಳನ್ನು ದಾಟಿ ವಲಸೆ ಬಂದಾಗ ದಾರಿ ತೋರಿಸಿದ್ದು ಇದೇ ಶಿಖರ ಎಂದು ಅವರ ಹಿರಿಯರು ಹೇಳುತ್ತ ಬಂದಿದ್ದಾರೆ. ನಕ್ಷೆಯಲ್ಲಿರುವ ಹೆಸರು ಬಂದದ್ದು ಬಹಳ ತಡವಾಗಿ. 1741ರ ಜುಲೈ 16ರಂದು, ರಷ್ಯದ ಅಂದಿನ ಪಂಚಾಂಗದ ಪ್ರಕಾರ, ವೈಟಸ್ ಬೇರಿಂಗನ ಹಡಗಿನವರು ಮೋಡಗಳ ಮೇಲೆ ಈ ಪರ್ವತವನ್ನು ಕಂಡರು. ನಾಲ್ಕು ದಿನಗಳ ಬಳಿಕ, ಪ್ರವಾದಿ ಎಲಿಯಾನ ಹಬ್ಬದ ದಿನ, ಅವರು ಸಮೀಪದ ದ್ವೀಪವೊಂದರ ಬಳಿ ಲಂಗರು ಹಾಕಿ ಅಲ್ಲಿಗೆ ಆ ಹೆಸರಿಟ್ಟರು. ಮುಂದೆ ಅದು ಪರ್ವತಕ್ಕೂ ಅಂಟಿಕೊಂಡಿತು. ರಷ್ಯದ ಹಳ್ಳಿಗರ ನಂಬಿಕೆಯಲ್ಲಿ ಈ ಎಲಿಯಾ ಗುಡುಗು ಮಳೆಗಳ ಒಡೆಯ. ಹೆಸರಿಟ್ಟವರು ಅದನ್ನೆಲ್ಲ ಯೋಚಿಸಿರಲಿಕ್ಕಿಲ್ಲ. ಆದರೂ ಇಷ್ಟು ಹೊಂದುವ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ!

ಚಳಿ ಒಂದಿದ್ದರೆ ಸಾಕೇ?

ಈ ಪರ್ವತದ ಮೈಮೇಲೆ, ಅದರ ಸುತ್ತಮುತ್ತ, ಧ್ರುವಗಳನ್ನು ಬಿಟ್ಟರೆ ಭೂಮಿಯ ಮೇಲಿನ ಅತಿ ದೊಡ್ಡ ಹಿಮರಾಶಿಗಳಲ್ಲಿ ಒಂದು ಬಿದ್ದಿದೆ. ಯಾಕೆ? ತರಗತಿಯಲ್ಲಿ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಅಲ್ಲಿ ತುಂಬಾ ಚಳಿ, ಅದಕ್ಕೇ." ಈ ಉತ್ತರಕ್ಕೆ ಅರ್ಧ ಅಂಕ ಕೊಡಬಹುದು. ಉಳಿದ ಅರ್ಧ ಸಿಗಬೇಕಾದರೆ ಪರ್ವತದ ಬೆನ್ನ ಹಿಂದೆ, ಉತ್ತರಕ್ಕೆ ಇನ್ನೂರು ಕಿ.ಮೀ.ಗಿಂತ ತುಸು ಹೆಚ್ಚು ದೂರದಲ್ಲಿರುವ ಸ್ನ್ಯಾಗ್ ಎಂಬ ಜಾಗಕ್ಕೆ ಹೋಗಿ ಬರಬೇಕು.

ಸ್ನ್ಯಾಗ್‌ನಲ್ಲಿ ಆಗ ಒಂದು ಸಣ್ಣ ವಿಮಾನ ನಿಲ್ದಾಣವೂ ಹವಾಮಾನ ಕೇಂದ್ರವೂ ಇದ್ದವು. 1947ರ ಫೆಬ್ರುವರಿ 3ರ ಬೆಳಿಗ್ಗೆ ಅಲ್ಲಿನ ಸಿಬ್ಬಂದಿ ಥರ್ಮಾಮೀಟರ್ ನೋಡಲು ಹೋದರು. ಅದು ಆಲ್ಕೊಹಾಲ್ ತುಂಬಿದ್ದು. ಪಾದರಸ ಮೈನಸ್ 39 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಗಟ್ಟಿಯಾಗಿಬಿಡುವುದರಿಂದ ಅಂಥ ಕಡೆ ಅದು ಕೆಲಸಕ್ಕೆ ಬಾರದು. ಅಂದು ಆಲ್ಕೊಹಾಲ್ ಮಾಪಕದ ಸೂಚಿಯೂ ಕಟ್ಟಕಡೆಯ ಗೆರೆಯನ್ನು, ಅಂದರೆ ಮೈನಸ್ 80 ಡಿಗ್ರಿ ಫ್ಯಾರನ್‌ಹೀಟನ್ನು ದಾಟಿ ಕೆಳಕ್ಕಿಳಿದಿತ್ತು! ಅದು ನಿಂತ ಜಾಗಕ್ಕೆ ಶಾಯಿಯಲ್ಲಿ ಗುರುತು ಮಾಡಿ, ಥರ್ಮಾಮೀಟರನ್ನು ಟೊರಾಂಟೊ ನಗರಕ್ಕೆ ಪರೀಕ್ಷೆಗೆ ಕಳಿಸಿದರು. ಲೆಕ್ಕ ಹಾಕಿದಾಗ ಬಂದದ್ದು ಮೈನಸ್ 63 ಡಿಗ್ರಿ ಸೆಲ್ಸಿಯಸ್. ಉತ್ತರ ಅಮೆರಿಕದ ಮುಖ್ಯ ಭೂಭಾಗದಲ್ಲಿ ಅದಕ್ಕಿಂತ ಕಡಿಮೆ ಉಷ್ಣತೆ ಇದುವರೆಗೆ ದಾಖಲಾಗಿಲ್ಲ. ಆ ದಿನಗಳಲ್ಲಿ ಕೆಲವು ಕಿ.ಮೀ. ಆಚೆಯ ಹಳ್ಳಿಯಲ್ಲಿ ಬೊಗಳುವ ನಾಯಿಯ ದನಿ ವಿಮಾನ ನಿಲ್ದಾಣಕ್ಕೆ ಸ್ಪಷ್ಟವಾಗಿ ಕೇಳುತ್ತಿತ್ತಂತೆ. ನೆಲದ ಬಳಿ ಭಾರಿ ತಣ್ಣನೆಯ ಗಾಳಿ, ಅದರ ಮೇಲೆ ಕೊಂಚ ಬೆಚ್ಚಗಿನ ಗಾಳಿ ಇದ್ದರೆ ಮೇಲಕ್ಕೆ ಹೋಗುವ ಶಬ್ದದ ಅಲೆ ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ. ಹೀಗಾಗಿ ದನಿ ಚದುರದೆ ಬಹುದೂರ ಸಾಗುತ್ತದೆ.

ಇಷ್ಟು ಚಳಿಯ ಸ್ನ್ಯಾಗ್‌ನಲ್ಲಿ ಹಿಮನದಿ ಇದೆಯೇ ಎಂದರೆ, ಇಲ್ಲ! ಅಲ್ಲಿರುವುದು ಕುರುಚಲು ಮರಗಳ ಕಣಿವೆ. ಚಳಿಗಾಲದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲಿ ಕರಗಿ ಹೋಗುತ್ತದೆ. ಈ ಕಡೆ ಯಾಕುಟಾಟ್‌ನಲ್ಲಿ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಎರಡು ಮೂರು ಡಿಗ್ರಿಯಷ್ಟೇ ಕೆಳಗೆ. ಆದರೂ ಈ ಬದಿಯಲ್ಲೇ ಹಿಮನದಿಗಳು ಪರ್ವತದಿಂದ ಇಳಿದು ಕಡಲಿನವರೆಗೂ ಬಂದಿವೆ. ಕಡುಚಳಿಯ ಕಡೆ ಹಿಮನದಿ ಇಲ್ಲ, ಅಷ್ಟೇನೂ ಚಳಿಯಿಲ್ಲದ ಕಡೆ ಬೇಕಾದಷ್ಟಿದೆ. ಇದೇ ಈ ಪರ್ವತದ ಒಗಟು.

ಕಡಲೆಂಬ ಬಿಸಿನೀರಿನ ಹಂಡೆ

ಒಗಟಿನ ಕೀಲಿಕೈ ಇರುವುದು ಸಮುದ್ರದಲ್ಲಿ. ನೀರಿನ ವಿಶಿಷ್ಟೋಷ್ಣ ಬಹಳ ಹೆಚ್ಚು ಎಂದು ಪ್ರೌಢಶಾಲೆಯ ಮಕ್ಕಳು ಓದಿರುತ್ತಾರೆ. ಅಷ್ಟೇ ತೂಕದ ಬಂಡೆಯನ್ನು ಬಿಸಿ ಮಾಡಲು ಬೇಕಾಗುವುದಕ್ಕಿಂತ ನಾಲ್ಕೈದು ಪಟ್ಟು ಶಾಖವನ್ನು ನೀರು ಹೀರಿಕೊಳ್ಳುತ್ತದೆ, ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಬಚ್ಚಲ ಹಂಡೆಯ ಒಲೆ ಆರಿದ ಮೇಲೂ ಬಹಳ ಹೊತ್ತು ನೀರು ಬೆಚ್ಚಗಿರುವುದಿಲ್ಲವೇ, ಹಾಗೆ. ಪೆಸಿಫಿಕ್ ಮಹಾಸಾಗರದ ಪ್ರವಾಹವೊಂದು ದಕ್ಷಿಣದ ಬೆಚ್ಚಗಿನ ನೀರನ್ನು ಅಲಾಸ್ಕ ಕೊಲ್ಲಿಗೆ ತರುತ್ತಲೂ ಇರುತ್ತದೆ. ಹೀಗಾಗಿ 60ನೇ ಅಕ್ಷಾಂಶದಲ್ಲಿದ್ದರೂ ಈ ಕೊಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ಮೇಲಾಗಿ ಒಳನಾಡಿನ ಕೊರೆಯುವ ಗಾಳಿ ಕಡಲ ಕಡೆಗೆ ಬಾರದಂತೆ ಪರ್ವತಸಾಲು ಗೋಡೆಯಾಗಿ ನಿಂತಿದೆ.

ಭೂಗೋಳದ ಪುಸ್ತಕಗಳು ಇಲ್ಲಿನ ಹವೆಯನ್ನು ಉಪಧ್ರುವೀಯ ಎಂದು ಕರೆಯುತ್ತವೆ. ಅಂದರೆ ವರ್ಷದಲ್ಲಿ ಒಂದರಿಂದ ಮೂರು ತಿಂಗಳು ಮಾತ್ರ ಸರಾಸರಿ ಉಷ್ಣತೆ 10 ಡಿಗ್ರಿ ದಾಟುವ, ದೀರ್ಘ ಚಳಿಗಾಲದ ಹವೆ. ಸ್ನ್ಯಾಗೂ ಉಪಧ್ರುವೀಯವೇ, ಯಾಕುಟಾಟೂ ಉಪಧ್ರುವೀಯವೇ. ಒಂದೇ ಹಣೆಪಟ್ಟಿಯ ಕೆಳಗೆ ಎಷ್ಟು ಬೇರೆ ಬೇರೆ ಊರುಗಳು ಸೇರಿಕೊಳ್ಳುತ್ತವೆ ನೋಡಿ! ಹಣೆಪಟ್ಟಿಯನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕಾಗಬಹುದು, ಊರು ಅರ್ಥವಾಗುವುದಿಲ್ಲ.

ಹೆಪ್ಪುಗಟ್ಟದ ಕಡಲಿನಿಂದ ಚಳಿಗಾಲದಲ್ಲೂ ನೀರು ಆವಿಯಾಗುತ್ತಲೇ ಇರುತ್ತದೆ. ಇದೇ ಕಾಲದಲ್ಲಿ ಅಲೂಷಿಯನ್ ದ್ವೀಪಗಳ ಸುತ್ತ ಕಡಿಮೆ ಒತ್ತಡದ ದೊಡ್ಡ ಪ್ರದೇಶವೊಂದು ನೆಲೆಯೂರುತ್ತದೆ. ಉತ್ತರ ಗೋಲಾರ್ಧದಲ್ಲಿ ಕಡಿಮೆ ಒತ್ತಡದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಆದ್ದರಿಂದ ಅದರ ಪೂರ್ವದ ಅಂಚಿನಲ್ಲಿ ಗಾಳಿ ದಕ್ಷಿಣದಿಂದ ಬೀಸಿ, ತೇವವನ್ನು ಹೊತ್ತು ನೇರವಾಗಿ ಈ ಪರ್ವತಸಾಲಿಗೆ ಬಡಿಯುತ್ತದೆ. ಪಕ್ಕಕ್ಕೆ ಸರಿಯಲು ದಾರಿಯಿಲ್ಲ. ಮೇಲಕ್ಕೇ ಏರಬೇಕು.

ಮೇಲೇರಿದ ಗಾಳಿ ತಣ್ಣಗಾಗುವುದೇಕೆ? ಸೈಕಲ್ ಟೈರಿನ ವಾಲ್ವನ್ನು ಒತ್ತಿ ಗಾಳಿ ಬಿಟ್ಟು ಬೆರಳು ಹಿಡಿದು ನೋಡಿ, ತಂಪು ತಗಲುತ್ತದೆ. ಒತ್ತಡದಲ್ಲಿದ್ದ ಗಾಳಿ ಹೊರಬಂದು ಹಿಗ್ಗುವಾಗ ತನ್ನದೇ ಶಾಖವನ್ನು ಖರ್ಚು ಮಾಡುತ್ತದೆ. ಎತ್ತರಕ್ಕೆ ಹೋದಂತೆ ಸುತ್ತಲಿನ ಒತ್ತಡ ಇಳಿಯುವುದರಿಂದ ಪರ್ವತ ಹತ್ತುವ ಗಾಳಿಯೂ ಹಿಗ್ಗಿ ತಂಪಾಗುತ್ತದೆ. ತಂಪು ಗಾಳಿಯಲ್ಲಿ ಹೆಚ್ಚು ನೀರಾವಿ ಹಿಡಿಸುವುದಿಲ್ಲ. ಹೆಚ್ಚಾದದ್ದು ಮೋಡವಾಗಿ, ಕೆಳಗೆ ಮಳೆಯಾಗಿ, ಮೇಲೆ ಹಿಮವಾಗಿ ಸುರಿಯುತ್ತದೆ. ಅರಬ್ಬೀ ಸಮುದ್ರದ ಮುಂಗಾರು ಗಾಳಿ ಪಶ್ಚಿಮ ಘಟ್ಟ ಏರುವಾಗ ಆಗುಂಬೆಯಲ್ಲಿ ಆಗುವುದೂ ಇದೇ. ಒಂದು ವ್ಯತ್ಯಾಸವೆಂದರೆ, ಆಗುಂಬೆಯ ನೀರು ಹಳ್ಳ ಹಿಡಿದು ಹರಿದುಹೋಗುತ್ತದೆ, ಇಲ್ಲಿನದು ಬಿದ್ದಲ್ಲೇ ಕೂರುತ್ತದೆ.

ಯಾಕುಟಾಟ್‌ನಲ್ಲಿ ಮಳೆ ಮತ್ತು ಹಿಮ ಸೇರಿ ವರ್ಷಕ್ಕೆ 3,500ರಿಂದ 4,000 ಮಿ.ಮೀ.ನಷ್ಟು ನೀರು ಬೀಳುತ್ತದೆ. ಪರ್ವತದ ಆ ಬದಿಯ ಯುಕಾನ್ ಕಣಿವೆಗಳಿಗೆ ಸಿಗುವುದು 300 ಮಿ.ಮೀ. ಆಸುಪಾಸು. ಸರಕನ್ನೆಲ್ಲ ಈ ಬದಿಯಲ್ಲೇ ಇಳಿಸಿದ ಗಾಳಿ ಆಚೆಗೆ ಬರಿಗೈಯಲ್ಲಿ ಇಳಿಯುತ್ತದೆ. ಮಳೆನೆರಳು ಎನ್ನುವುದು ಇದನ್ನೇ. ಸ್ನ್ಯಾಗ್‌ನಲ್ಲಿ ಹಿಮನದಿ ಇಲ್ಲದಿರುವುದಕ್ಕೆ ಕಾರಣ ಈಗ ಸಿಕ್ಕಿತು: ಅಲ್ಲಿ ಚಳಿಗೇನೂ ಕೊರತೆಯಿಲ್ಲ, ಹಿಮಕ್ಕೆ ಕೊರತೆ. ಹಿಮನದಿಯೆಂದರೆ ಬ್ಯಾಂಕಿನ ಪಾಸ್‌ಬುಕ್ ಇದ್ದ ಹಾಗೆ. ಚಳಿಗಾಲದ ಜಮೆ ಬೇಸಿಗೆಯ ಖರ್ಚಿಗಿಂತ ಹೆಚ್ಚಿದ್ದರೆ ಮಾತ್ರ ಗಂಟು ಬೆಳೆಯುತ್ತದೆ.

ಎತ್ತರಕ್ಕೆ ಹೋದಂತೆ ಉಷ್ಣತೆ ಕಿ.ಮೀ.ಗೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕಡಲ ಬಳಿ 12 ಡಿಗ್ರಿ ಇರುವ ಬೇಸಿಗೆಯ ದಿನವೂ ಶಿಖರದಲ್ಲಿ ಮೈನಸ್ 20ಕ್ಕಿಂತ ಕೆಳಗಿರುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಬಹುದು. ಜಮೆ ಅಷ್ಟು ಭಾರಿಯಾಗಿರುವುದರಿಂದ ಕಡಲ ಬದಿಯ ಇಳಿಜಾರಿನಲ್ಲಿ ಸುಮಾರು ಒಂದು ಸಾವಿರ ಮೀಟರ್ ಎತ್ತರದಿಂದಲೇ ಹಿಮ ವರ್ಷವಿಡೀ ಉಳಿಯತೊಡಗುತ್ತದೆ. ಅದರಿಂದ ಮೇಲೆ ಇನ್ನೂ ನಾಲ್ಕು ಸಾವಿರ ಚಿಲ್ಲರೆ ಮೀಟರ್ ಪರ್ವತವಿದೆ!

ದೋಸೆಯಂತೆ ಹರಡಿದ ಹಿಮ

ವರ್ಷ ವರ್ಷದ ಹಿಮ ಒಂದರ ಮೇಲೊಂದು ಬಿದ್ದು, ಅಡಿಯದು ಅದುಮಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ಕೆಳಕ್ಕೆ ಜರುಗತೊಡಗುತ್ತದೆ. ಹೀಗೆ ಸೆವಾರ್ಡ್ ಎಂಬ ಹಿಮನದಿ ಬೆಟ್ಟಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳಿ ಕರಾವಳಿಯ ಬಯಲಿಗೆ ಬಂದೊಡನೆ, ಕಾವಲಿಯ ಮೇಲೆ ಹುಯ್ದ ದೋಸೆ ಹಿಟ್ಟಿನಂತೆ ದುಂಡಗೆ ಹರಡಿಕೊಂಡಿದೆ. ಆ ದೋಸೆಯ ಹೆಸರು ಮಲಾಸ್ಪಿನ. ಟ್ಲಿಂಗಿಟ್ ಭಾಷೆಯಲ್ಲಿ ಇದನ್ನು 'ದೊಡ್ಡ ಹಿಮನದಿ' ಎಂದಷ್ಟೇ ಕರೆಯುತ್ತಾರೆ. ಮೇಲಿನ ಭಾಗವೂ ಸೇರಿದರೆ ಇದರ ಹರವು ಸುಮಾರು 3,900 ಚದರ ಕಿ.ಮೀ. ಬೆಟ್ಟದ ಬುಡದಲ್ಲಿ ಹೀಗೆ ಹರಡುವ ಹಿಮನದಿಗಳಲ್ಲಿ ಪ್ರಪಂಚಕ್ಕೇ ಇದು ದೊಡ್ಡದು.

ಮಲಾಸ್ಪಿನದ ಅಂಚಿಗೆ ಹೋದವರಿಗೆ ಹಿಮ ಕಾಣಿಸುವುದೇ ಕಷ್ಟ. ಪರ್ವತದಿಂದ ಹೊತ್ತು ತಂದ ಕಲ್ಲು ಮಣ್ಣು ಅಲ್ಲಿ ಹಿಮದ ಮೇಲೆ ದಪ್ಪಗೆ ಹರಡಿದೆ. ಆ ಮಣ್ಣಿನಲ್ಲಿ ಪೊದೆ ಬೆಳೆದಿದೆ, ಸ್ಪ್ರೂಸ್ ಮರಗಳೂ ಎದ್ದಿವೆ. ಕಾಲ ಕೆಳಗೆ ಕಾಡಿನ ಮಣ್ಣು, ಅದರ ಕೆಳಗೆ ನೂರಾರು ಮೀಟರ್ ಹಿಮ. ಅಡಿಯ ಹಿಮ ಕರಗಿ ಕುಸಿದಾಗ ಮರಗಳು ಕುಡಿದವರಂತೆ ವಾಲುತ್ತವೆ.

ಇಷ್ಟು ಎತ್ತರದ ಪರ್ವತ ಕಡಲ ಅಂಚಿಗೇ ಬಂದು ನಿಂತದ್ದು ಹೇಗೆ? ಸಮುದ್ರದ ಕಡೆಯಿಂದ ಭೂಚಿಪ್ಪಿನ ತುಂಡೊಂದು ವರ್ಷಕ್ಕೆ ಸುಮಾರು ಐದು ಸೆಂ.ಮೀ.ನಂತೆ ಖಂಡವನ್ನು ಒತ್ತುತ್ತಿದೆ. ಗೋಡೆಗೆ ಒತ್ತಿದ ಜಮಖಾನೆ ಮಡಿಕೆ ಬೀಳುವಂತೆ ನೆಲ ಮಡಿಚಿ ಮೇಲೆದ್ದಿದೆ, ಈಗಲೂ ಏಳುತ್ತಿದೆ. 1899ರ ಸೆಪ್ಟೆಂಬರಿನ ಭೂಕಂಪದಲ್ಲಿ ಯಾಕುಟಾಟ್ ಬಳಿಯ ಕಡಲತಡಿ ಒಂದೆಡೆ 14 ಮೀಟರ್ ಮೇಲಕ್ಕೆ ಎದ್ದಿತು. ನೀರೊಳಗಿನ ಬಂಡೆಗೆ ಅಂಟಿದ್ದ ಚಿಪ್ಪುಜೀವಿಗಳು ಒಣ ನೆಲದ ಮೇಲೆ ತೂಗಾಡುತ್ತಿದ್ದವು.

ಏರಿದವರು ಕೆಲವೇ ಮಂದಿ

ಎತ್ತರಕ್ಕಿಂತ ಹವೆಯೇ ಇಲ್ಲಿ ಆರೋಹಿಗಳ ದೊಡ್ಡ ಶತ್ರು. ಅಮೆರಿಕದ ಭೂವಿಜ್ಞಾನಿ ಇಸ್ರೇಲ್ ರಸೆಲ್ 1890ರಲ್ಲಿ ಪ್ರಯತ್ನಿಸಿ ಹಿಮಪಾತದಿಂದ ಹಿಂದಿರುಗಿದರು. 1891ರಲ್ಲಿ ಮತ್ತೆ ಬಂದಾಗ ಪರ್ವತಕ್ಕೆ ಕಾಲಿಡುವ ಮೊದಲೇ, ದೋಣಿಗಳಿಂದ ದಡಕ್ಕೆ ಇಳಿಯುವಾಗ, ಕಡಲ ಅಲೆಗೆ ಸಿಕ್ಕಿ ಆರು ಮಂದಿ ಮುಳುಗಿದರು. ಆ ಸಲ ಅರ್ಧಕ್ಕಿಂತ ಹೆಚ್ಚು ಏರಿದರೂ ತುದಿ ಮುಟ್ಟಲಾಗಲಿಲ್ಲ.

1897ರಲ್ಲಿ ಇಟಲಿಯ ರಾಜಮನೆತನದ ಲುಯಿಜಿ ಅಮೆಡಿಯೊ, ಅಬ್ರುಝಿಯ ಡ್ಯೂಕ್, ದೊಡ್ಡ ತಂಡದೊಂದಿಗೆ ಬಂದ. ರಾಜಕುಮಾರನಿಗೆ ಖರ್ಚಿನ ಚಿಂತೆ ಇರಲಿಲ್ಲ, ಸರಿ. ಆದರೆ ಮಳೆ ರಾಜಕುಮಾರರಿಗೆ ರಿಯಾಯಿತಿ ತೋರಿಸುವುದಿಲ್ಲ. ಮಲಾಸ್ಪಿನದ ಒದ್ದೆ ಹಿಮದ ಮೇಲೆ ವಾರಗಟ್ಟಲೆ ಸಾಮಾನು ಎಳೆದು, ಜುಲೈ 31ರಂದು ತಂಡದ ಹತ್ತು ಮಂದಿ ಇಟಾಲಿಯನ್ನರು ಶಿಖರ ಮುಟ್ಟಿದರು. ತಂಡದಲ್ಲಿದ್ದ ಛಾಯಾಗ್ರಾಹಕ ವಿಟ್ಟೋರಿಯೊ ಸೆಲ್ಲಾ ತೆಗೆದ ಚಿತ್ರಗಳನ್ನು ಇಂದಿಗೂ ಪರ್ವತಪ್ರಿಯರು ಮೆಚ್ಚುತ್ತಾರೆ. ಎರಡನೆಯ ಸಲ ಮನುಷ್ಯರು ಅಲ್ಲಿಗೆ ತಲುಪಿದ್ದು 1946ರಲ್ಲಿ, ನಲವತ್ತೊಂಬತ್ತು ವರ್ಷಗಳ ನಂತರ!

ನಕ್ಷೆಯಲ್ಲಿಲ್ಲದ ಕೊಲ್ಲಿ

ರಸೆಲ್ ಮತ್ತು ಅಬ್ರುಝಿಯ ಕಾಲದಲ್ಲಿ ಪರ್ವತದ ಬುಡದಿಂದ ತೆರೆದ ಕಡಲಿನವರೆಗೆ ಒಂದೇ ಹಿಮದ ಹಾಸು. ಇಂದು ಅದೇ ಜಾಗದಲ್ಲಿ ಐಸಿ ಬೇ ಎಂಬ ಕೊಲ್ಲಿ ಇದೆ. ಸೀಲ್ ಪ್ರಾಣಿಗಳು ತೇಲುವ ಹಿಮಬಂಡೆಗಳ ಮೇಲೆ ಮರಿಗಳೊಂದಿಗೆ ಮಲಗಿರುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಿಂದ ಹಿಮ ಸುಮಾರು 40 ಕಿ.ಮೀ. ಹಿಂದೆ ಸರಿದು, ಒಂದು ಬಾಯಿ ಹಲವು ತೋಳುಗಳಿರುವ ಕೊಲ್ಲಿ ಹುಟ್ಟಿಕೊಂಡಿತು. ಪರ್ವತಕ್ಕೂ ಉಪ್ಪುನೀರಿಗೂ 16 ಕಿ.ಮೀ. ಎಂಬ ಲೆಕ್ಕ ನಿಜವಾದದ್ದೂ ಹಿಮ ಸರಿದ ಮೇಲೆಯೇ.

ಎಲ್ಲ ಹಿಮನದಿಗಳೂ ಒಂದೇ ತರಹ ವರ್ತಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಯಾಕುಟಾಟ್ ಸಮೀಪದ ಹಬ್ಬರ್ಡ್ ಹಿಮನದಿ ನೂರಕ್ಕೂ ಹೆಚ್ಚು ವರ್ಷ ಮುಂದಕ್ಕೇ ಒತ್ತಿಕೊಂಡು ಬಂತು. 1986ರಲ್ಲಿ, ಮತ್ತೆ 2002ರಲ್ಲಿ, ಅದು ಕಡಲ ತೋಳೊಂದರ ಬಾಯಿಗೆ ಅಡ್ಡಗಟ್ಟೆ ಹಾಕಿ ತಾತ್ಕಾಲಿಕ ಸರೋವರವನ್ನೇ ಮಾಡಿತ್ತು. ಆದರೆ ಒಟ್ಟು ಪಾಸ್‌ಬುಕ್ ತೆರೆದರೆ ಲೆಕ್ಕ ಬೇರೆ. 1994ರಿಂದ 2013ರವರೆಗೆ ಅಲಾಸ್ಕ ಪ್ರದೇಶದ ಹಿಮನದಿಗಳು ವರ್ಷಕ್ಕೆ ಸುಮಾರು 7,500 ಕೋಟಿ ಟನ್ ಹಿಮ ಕಳೆದುಕೊಂಡಿವೆ. ಕಡಲ ಪಕ್ಕದ ಹಿಮಕ್ಕೆ ಅಪಾಯ ಹೆಚ್ಚು, ಏಕೆಂದರೆ ಅದು ಇರುವುದೇ ಸೊನ್ನೆ ಡಿಗ್ರಿಯ ಅಂಚಿನಲ್ಲಿ. ಮೈನಸ್ 30ರಲ್ಲಿರುವ ಕಣಿವೆ ಎರಡು ಡಿಗ್ರಿ ಬಿಸಿಯಾದರೂ ಅಲ್ಲಿ ಬೀಳುವುದು ಹಿಮವೇ. ಮೈನಸ್ ಒಂದರಲ್ಲಿರುವ ಇಳಿಜಾರು ಎರಡು ಡಿಗ್ರಿ ಬಿಸಿಯಾದರೆ ಹಿಮದ ಬದಲು ಮಳೆ! ಜಮೆ ಆಗಬೇಕಾದದ್ದು ಆಗುವುದಿಲ್ಲ, ಅದೇ ಮಳೆ ಇದ್ದ ಹಿಮವನ್ನೂ ಕರಗಿಸುತ್ತದೆ.

ಐಸಿ ಬೇ ಕೊಲ್ಲಿಯ ಒಂದು ತೋಳಿನ ಹೆಸರು ಟಾನ್. ಸೇಂಟ್ ಎಲಿಯಾಸ್‌ನಿಂದ ಇಳಿಯುವ ಟಿಂಡಾಲ್ ಹಿಮನದಿ ಇದನ್ನು ಕೊರೆದದ್ದು. ಕೊಠಡಿಗೆ ಕಿಂಡಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ದೂಳು ಹೊಳೆಯುವುದನ್ನು ಪಾಠದಲ್ಲಿ 'ಟಿಂಡಾಲ್ ಪರಿಣಾಮ' ಎಂದು ಓದುತ್ತೇವಲ್ಲ, ಆ ಜಾನ್ ಟಿಂಡಾಲ್ ಹೆಸರೇ ಹಿಮನದಿಗೂ ಇದೆ. ನೀರಾವಿ, ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳು ಶಾಖದ ಕಿರಣಗಳನ್ನು ಹೀರಿಕೊಳ್ಳುತ್ತವೆ ಎಂದು 1859ರಿಂದ ಪ್ರಯೋಗ ಮಾಡಿ ಅಳೆದು ತೋರಿಸಿದ ವಿಜ್ಞಾನಿ ಆತ. ಅವನ ಹೆಸರಿನ ಹಿಮನದಿಯೇ 1961 ಮತ್ತು 1991ರ ನಡುವೆ 17 ಕಿ.ಮೀ. ಹಿಂದಕ್ಕೆ ಸರಿಯಿತು.

ಹಿಮ ಇರುವವರೆಗೆ ಅದು ಎರಡೂ ಬದಿಯ ಇಳಿಜಾರುಗಳಿಗೆ ಊರೆಗೋಲಾಗಿತ್ತು. ಅದು ಸರಿದ ಮೇಲೆ ಕಡಿದಾದ ಗುಡ್ಡದ ಕೆಳಗೆ ಉಳಿದದ್ದು ಆಳವಾದ ನೀರು. ಒಂದು ಇಳಿಜಾರು ದಶಕಗಳಿಂದ ಸ್ವಲ್ಪ ಸ್ವಲ್ಪವಾಗಿ ಜರುಗುತ್ತಿತ್ತು. 2015ರ ಅಕ್ಟೋಬರ್ 17ರ ರಾತ್ರಿ ಅದು ಒಮ್ಮೆಲೇ ಕುಸಿಯಿತು. ಹದಿನೆಂಟು ಕೋಟಿ ಟನ್ ಬಂಡೆ ಜಾರಿತು. ಅದರಿಂದ ಎದ್ದ ಸುನಾಮಿ ಅಲೆ ಎದುರು ದಡದ ಗುಡ್ಡದ ಮೇಲೆ 193 ಮೀಟರ್ ಎತ್ತರದವರೆಗೆ ನುಗ್ಗಿ ಮರಗಳನ್ನು ಬುಡಸಮೇತ ಕಿತ್ತೊಯ್ದಿತು. ಹತ್ತಿರದಲ್ಲಿ ಯಾರೂ ಇರಲಿಲ್ಲ. ಸುದ್ದಿ ಮೊದಲು ತಿಳಿದದ್ದು ಸಾವಿರಾರು ಕಿ.ಮೀ. ದೂರದ ಭೂಕಂಪ ಮಾಪಕಗಳ ಗೆರೆಗಳನ್ನು ಓದುತ್ತಿದ್ದ ವಿಜ್ಞಾನಿಗಳಿಗೆ. ಮರುವರ್ಷದ ಬೇಸಿಗೆಯಲ್ಲಿ ಸಂಶೋಧಕರು ದೋಣಿಯಲ್ಲಿ ಹೋಗಿ ನೋಡಿದಾಗ ಅಲೆ ಮುಟ್ಟಿದ ಮಟ್ಟ ಗುಡ್ಡದ ಮೇಲೆ ಗೆರೆ ಎಳೆದಂತೆ ಸ್ಪಷ್ಟವಾಗಿತ್ತು: ಗೆರೆಯ ಮೇಲೆ ಹಸಿರು ಕಾಡು, ಕೆಳಗೆ ಬೋಳು ಬಂಡೆ. ಅಲಾಸ್ಕದ ಇತರ ಕೊಲ್ಲಿಗಳ ಮೇಲಿನ ಇಳಿಜಾರುಗಳನ್ನೂ ಈಗ ಉಪಗ್ರಹಗಳಿಂದ ಅಳೆಯುತ್ತಿದ್ದಾರೆ. ಅವುಗಳಲ್ಲಿ ಕೆಲವಂತೂ ಪ್ರವಾಸಿ ಹಡಗುಗಳು ಓಡಾಡುವ ನೀರಿನ ಮೇಲೆಯೇ ಇವೆ.